ಹಗ್ಗ ಯಾರ ಕೈಲಿತ್ತು

೧೨ ಜೂನ್ ೧೯೪೪, ಸೋಮವಾರ. ಚನ್ನರಾಯನದುರ್ಗ

ಇವತ್ತು ಶಾಲೆ ತೆರೆಯಿತು. ಯುದ್ಧದ ದೆಸೆಯಿಂದ ಕಾಗದ ಸಿಕ್ಕುವುದು ಕಷ್ಟ. ಹಳೆಯ ಹಾಜರಿ ಪುಸ್ತಕವೊಂದರಲ್ಲಿ ಖಾಲಿ ಹಾಳೆಗಳಿದ್ದವು, ಮನೆಗೆ ತಂದೆ. ಯಾರಿಗೂ ತೋರಿಸುವುದಕ್ಕಲ್ಲ. ಮನೆಯಲ್ಲಿ ಯಾರ ಹತ್ತಿರವೂ ಮಾತಾಡುವ ಮನಸ್ಸಿಲ್ಲ, ಅದಕ್ಕೆ ಬರೆಯುತ್ತೇನೆ.

ಅಪ್ಪಯ್ಯ ಬಿದ್ದು ಇಪ್ಪತ್ತೆರಡು ದಿನವಾಯಿತು. ಪೂಜೆಗೆ ನೀರು ಸೇದುತ್ತಿದ್ದವರು ಬಾವಿಕಟ್ಟೆಯ ಮೇಲೇ ಕುಸಿದರು. ಬಲಗೈ, ಬಲಗಾಲು, ನಾಲಗೆ ಮೂರೂ ಒಟ್ಟಿಗೆ ಹೋದವು. ಕೊರಟಗೆರೆಯಿಂದ ಬಂದ ಡಾಕ್ಟರು, "ಕಿವಿ ಕೇಳುತ್ತದೆ, ಬುದ್ಧಿ ನೆಟ್ಟಗಿದೆ. ಮಾತು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ತಲೆ ಕೈ ಸ್ವಲ್ಪ ನಡುಗುತ್ತಿರುತ್ತವೆ, ಗಾಬರಿಯಾಗಬೇಡಿ" ಎಂದು ಹೇಳಿ ಹೋದರು.

ಅಪ್ಪಯ್ಯನನ್ನು ಸಿದ್ದಗಂಗಯ್ಯನವರು ಎಂದರೆ ಯಾರಿಗೂ ಗೊತ್ತಾಗದು. ಕನಸಿನ ಅಯ್ನೋರು ಎಂದರೆ ಮಧುಗಿರಿ, ಸಿರಾ, ಪಾವಗಡದವರೆಗೂ ಗೊತ್ತು. ನಲವತ್ತು ವರ್ಷ ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಜಗಲಿಯ ಮೇಲೆ ಕೂತು ಬಂದವರ ಕನಸು ಕೇಳಿದ್ದಾರೆ. ನಮ್ಮ ಸೀಮೆಯವರಿಗೆ ಹಗಲೆಲ್ಲ ಕುರಿ, ಎಮ್ಮೆ, ದನ, ಬೆಟ್ಟದ ಚಿರತೆ ಇವುಗಳದೇ ಸಹವಾಸ. ಕನಸಿನಲ್ಲಿ ಬರುವವೂ ಅವೇ. ಅಪ್ಪಯ್ಯನಿಗೆ ಹೀಗಾಗಿದೆ ಎಂದು ಊರಿಗೆಲ್ಲ ಹೇಳಿಸಿದ್ದೆ. ಆದರೂ ಇವತ್ತು ಐದು ಜನ ಜಗಲಿಯ ಮೇಲಿದ್ದರು. ಅಪ್ಪಯ್ಯನನ್ನು ದಿಂಬಿಗೆ ಒರಗಿಸಿ ಕೂರಿಸಿದ್ದೆವು. ಒಬ್ಬೊಬ್ಬರೇ ಅವರ ಮುಂದೆ ಕೂತು ಕನಸು ಹೇಳಿದರು. ಅವರು ನೋಡಿದರು, ಓರೆಯಾದ ಬಾಯಿಯಿಂದ ಜೊಲ್ಲು ಇಳಿಯಿತು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು.

"ಅಯ್ನೋರಿಗೆ ಬಾಯಿಲ್ಲ. ನೀವೇ ಹೇಳ್ಬುಡಿ ಮೇಷ್ಟ್ರೇ."

ಹತ್ತೊಂಬತ್ತು ವರ್ಷದಿಂದ ಈ ಊರಿನ ಮಕ್ಕಳಿಗೆ ಭೂಗೋಳ, ಗಣಿತ ಹೇಳಿಕೊಡುತ್ತಿದ್ದೇನೆ. ಕನಸು ಬೀಳುವುದು ಅಜೀರ್ಣದಿಂದ ಎಂದೆ. ನಕ್ಕರು. ಎದ್ದು ಮಾತ್ರ ಹೋಗಲಿಲ್ಲ.

೧೫ ಜೂನ್, ಗುರುವಾರ

ಒಂದು ಉಪಾಯ ಹೊಳೆಯಿತು. ದೇವರಮನೆಯ ಪೆಟ್ಟಿಗೆಯಲ್ಲಿ ಕೆಂಪು ವಸ್ತ್ರ ಸುತ್ತಿದ ಹಳೆಯ ಕನಸಿನ ಫಲದ ಪುಸ್ತಕವೊಂದಿದೆ, ಅದನ್ನು ತೆಗೆದೆ. ಹಾಳೆಗಳು ಒಂದಕ್ಕೊಂದು ಅಂಟಿದ್ದವು, ಚಾಕುವಿನಿಂದ ಬಿಡಿಸಿದೆ. ಪ್ರಾಣಿಗಳ ಹೆಸರು ಸಾಲಾಗಿವೆ. ಆನೆ ಕಂಡರೆ ಐಶ್ವರ್ಯ. ಹಾವು ಕಚ್ಚಿ ರಕ್ತ ಬಂದರೆ ಲಾಭ. ಕರಡಿ ತಬ್ಬಿದರೆ ನೆಂಟರಿಂದ ಮೋಸ. ಕತ್ತೆ ಏರಿ ತೆಂಕಲಿಗೆ ಹೋದರೆ ಅಪಮೃತ್ಯು. ಹುಡುಕಿ ಓದಿ ಹೇಳುವುದು, ಕಳಿಸುವುದು. ಹತ್ತು ನಿಮಿಷದ ಕೆಲಸ.

ಕುರಿ ಕಾಯುವ ಅಡವಯ್ಯನ ಕನಸಿನಲ್ಲಿ ತೋಳ ಮರಿ ಹೊತ್ತೊಯ್ದಿತಂತೆ. "ತೋಳ ಮರಿ ಒಯ್ದರೆ ದಾಯಾದಿ ಕಲಹ" ಎಂದು ಓದಿದೆ. ಮುಖ ಸಣ್ಣದು ಮಾಡಿಕೊಂಡು ಎದ್ದು ಹೋದ. ಅಪ್ಪಯ್ಯನ ತಲೆ ಇವತ್ತು ಬಹಳ ಅಲ್ಲಾಡುತ್ತಿತ್ತು. ಡಾಕ್ಟರು ಹೇಳಿದ ನಡುಕ ಇದೇ ಇರಬೇಕು.

ಶಾಲೆಗೆ ಸರಿಯಾದ ಹೊತ್ತಿಗೆ ಹೋದೆ.

೩ ಜುಲೈ, ಸೋಮವಾರ

ನರಸಿಂಹಮ್ಮ ಸೊಸೆಯನ್ನು ಕರೆದುಕೊಂಡು ಬಂದಿದ್ದಳು. ಈಕೆಯ ಒಬ್ಬನೇ ಮಗ ಪಾಲಣ್ಣ ನನ್ನ ಹತ್ತಿರ ಓದಿದವನು. ಹೋದ ವರ್ಷ ದಂಡಿಗೆ ಸೇರಿ ಬರ್ಮಾ ಕಡೆ ಹೋದ. ಏಳು ತಿಂಗಳಿಂದ ಕಾಗದವಿಲ್ಲ. ಸೊಸೆ ಆಂಜಿನಮ್ಮ ನಿಡುಗಲ್ಲಿನ ಹುಡುಗಿ, ಇಪ್ಪತ್ತರ ಆಜುಬಾಜು. ಸೆರಗು ಕಚ್ಚಿಕೊಂಡು ನಿಂತಿದ್ದಳು.

"ಹೂಂ, ನೀನೇ ಹೇಳು" ಎಂದಳು ಅತ್ತೆ.

"ಒಂದು ಕೋಣ ಸೋಮಿ. ಕೆರೆಗೆ ಇಳೀತು. ಇಳೀತಾ ಇಳೀತಾ ಕತ್ತಿನ ಮಟ ಹೋಯ್ತು. ಆಮೇಲೆ ಕಾಣ್ಲಿಲ್ಲ."

ಶಾಲೆಗೆ ಹೊತ್ತಾಗುತ್ತಿತ್ತು. ಪುಟ ತಿರುವಿದೆ. ಕಣ್ಣಿಗೆ ಬಿದ್ದ ಸಾಲನ್ನು ಬಾಯಿ ಓದಿಬಿಟ್ಟಿತು. "ಕೋಣ ನೀರಿಗಿಳಿದು ಮರಳದಿದ್ದರೆ ಮನೆಯ ಗಂಡಸಿಗೆ ಮರಣ."

ಓದಿದ ಮೇಲೆ ಏನು ಓದಿದೆ ಎಂದು ಗೊತ್ತಾಯಿತು. ನರಸಿಂಹಮ್ಮ ಕೂತಲ್ಲೇ ಎದೆಗೆ ಗುದ್ದಿಕೊಂಡಳು. ಆಂಜಿನಮ್ಮ ಅಳಲಿಲ್ಲ, ಕಂಬ ಹಿಡಿದುಕೊಂಡಳು. ಅಷ್ಟರಲ್ಲಿ ಅಪ್ಪಯ್ಯ ಎಡಗೈಯಿಂದ ನೆಲ ಬಡಿದು ಚೊಂಬು ಉರುಳಿಸಿದರು. ನೀರು ಬೇಕಿರಬೇಕೆಂದು ಹೊಸ ನೀರು ತಂದು ಹಿಡಿದೆ. ಕುಡಿಯದೆ ತುಟಿ ಬಿಗಿಹಿಡಿದರು.

೯ ಜುಲೈ, ಭಾನುವಾರ

ನರಸಿಂಹಮ್ಮ ಸೊಸೆಯನ್ನು ತವರಿಗೆ ಕಳಿಸಿಬಿಟ್ಟಳಂತೆ. "ಅದು ನಿನ್ನ ಕಣ್ಣಿಗೇ ಯಾಕೆ ಕಾಣ್ಬೇಕಾಗಿತ್ತು" ಎಂದಳಂತೆ. ಈಗ ಒಬ್ಬಳೇ ಕೂತಿದ್ದಾಳೆ, ಒಲೆ ಹೊತ್ತಿಸಿಲ್ಲ. ಸರ್ಕಾರದಿಂದ ಒಂದು ಅಕ್ಷರ ಬಂದಿಲ್ಲ, ಊರಿನವರು ಮಾತ್ರ ಸಾವಿನ ಮನೆಗೆ ಹೋದ ಹಾಗೆ ಹೋಗಿ ಕೂತು ಬರುತ್ತಿದ್ದಾರೆ.

ನಾನೂ ಹೋದೆ. ಪುಸ್ತಕದಲ್ಲಿ ಇರುವುದೆಲ್ಲ ನಿಜವಲ್ಲ ಎಂದೆ.

"ಅಯ್ನೋರ ಮನೆ ಪುಸ್ತಕ ಸುಳ್ಳಾ?"

"ಸುಳ್ಳೇ ಅಮ್ಮ."

"ಹಂಗಾರೆ ಯಾಕೆ ಓದಿದ್ರಿ ಮೇಷ್ಟ್ರೇ?"

ಎದ್ದು ಮನೆಗೆ ಬಂದೆ.

೨೬ ಜುಲೈ

ಪುಸ್ತಕ ಓದುವುದು ನಿಲ್ಲಿಸಿದ್ದೇನೆ. ಜನ ಬರುವುದು ನಿಂತಿಲ್ಲ. ಅಪ್ಪಯ್ಯನ ಮುಂದೆ ಕೂತು ಹೇಳಿಕೊಂಡು ಹೋಗುತ್ತಾರೆ. ನಾನು ಒಳಗೆ ಮಕ್ಕಳ ಕಾಪಿ ಪುಸ್ತಕ ತಿದ್ದುತ್ತಿರುತ್ತೇನೆ, ಎಲ್ಲ ಕೇಳಿಸುತ್ತದೆ.

೧೮ ಆಗಸ್ಟ್, ಶುಕ್ರವಾರ

ಸಿರಾದಿಂದ ಖಾಜಾಬಿ ಬಂದಿದ್ದಳು. ಬಳೆ ಮಲಾರ ಹೊತ್ತು ಬುಕ್ಕಾಪಟ್ಟಣದಿಂದ ಇಲ್ಲಿಯವರೆಗೂ ತಿರುಗುವ ಹೆಂಗಸು, ಎಪ್ಪತ್ತು ದಾಟಿದೆ. ಅಪ್ಪಯ್ಯನಿಗೆ ಹೀಗಾದದ್ದು ಅವಳಿಗೆ ತಿಳಿದಿರಲಿಲ್ಲ. ನೋಡಿ ಮಲಾರ ಕೆಳಗಿಳಿಸಿದಳು. ಆಮೇಲೆ ಸೆರಗಿನ ಗಂಟಿನಿಂದ ಎರಡು ಖರ್ಜೂರ ತೆಗೆದು ಬೀಜ ಬಿಡಿಸಿ ಎಲೆಯ ಮೇಲಿಟ್ಟಳು. ನನ್ನ ಹೆಂಡತಿ ದಾಕ್ಷಾಯಣಿ ಅದನ್ನು ಹಿಸುಕಿ ಮಾವನ ಬಾಯಿಗಿಟ್ಟಳು. ತಿಂದರು.

ಖಾಜಾಬಿ ನನ್ನನ್ನು ಕೇಳಿದಳು. "ನೀವು ಕಿತಾಬ್ ಓದಿ ಹೇಳ್ತೀರಂತೆ, ಕೊರಟಗೆರೆ ಸಂತೆಯಲ್ಲಿ ಮಾತು. ಹೌದಾ ಬೇಟಾ?"

"ಅಪ್ಪಯ್ಯ ಹೇಳುತ್ತಿದ್ದದ್ದನ್ನೇ ಹೇಳಿದೆ."

"ತೌಬಾ! ನಿಮ್ಮ ಅಬ್ಬಾ ಯಾವತ್ತು ಕಿತಾಬ್ ತೆಗೆದ್ರು? ಮೂವತ್ತು ವರ್ಷ ಬಂದಿದೀನಿ, ನಾನು ನೋಡಿಲ್ಲ. ಕೇಳ್ತಿದ್ರು. ಅದು ಯಾರ ಜಾನ್ವರ್? ನೀನು ಎಲ್ಲಿ ನಿಂತಿದ್ದೆ? ಏನು ಮಾಡ್ದೆ, ಏನು ಮಾಡ್ಲಿಲ್ಲ? ಅಷ್ಟೇ."

ಆಮೇಲೆ ಅವಳು ಹೇಳಿದ್ದು ಇದು. ಅವಳ ಮಗಳು ರಹೀಮುನ್ನೀಸಾ ಹೆರಿಗೆಯಲ್ಲಿ ತೀರಿಕೊಂಡ ಮೇಲೆ ದಿನಾ ಒಂದೇ ಕನಸು. ಒಂದು ಮೇಕೆ ಬಂದು ಬಾಗಿಲನ್ನು ಕೊಂಬಿನಿಂದ ತಟ್ಟುವುದು. ದರ್ಗಾದ ಹುಸೇನ್ ಸಾಬರಿಂದ ತಾಯಿತ ಕಟ್ಟಿಸಿದರೂ ನಿಲ್ಲಲಿಲ್ಲ. ಯಾರೋ ಹೇಳಿದರೆಂದು ಇಲ್ಲಿಗೆ ಬಂದಳು. ಅಪ್ಪಯ್ಯ ಪೂರ್ತಿ ಕೇಳಿ, "ಖಾಜಾಬಿ, ನೀನು ಕದ ಯಾಕೆ ತೆಗೆಯಲಿಲ್ಲ?" ಎಂದರಂತೆ. ಮಗಳು ನೋವು ಬಂದ ದಿನ ಹೇಳಿ ಕಳಿಸಿದ್ದಳು. ಅಳಿಯನ ಮೇಲಿನ ಕೋಪಕ್ಕೆ ಇವಳು ಹೋಗಿರಲಿಲ್ಲ. "ಆ ಮಾತು ಅದುವರೆಗೂ ಅಲ್ಲಾಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಈ ಜಗಲಿ ಮೇಲೆ ಕೂತು ಅತ್ತೆ. ನಿಮ್ಮ ಅಮ್ಮ ಮಜ್ಜಿಗೆ ಕೊಟ್ರು. ಮೇಕೆ ಮತ್ತೆ ಬರಲಿಲ್ಲ ಅಂತ ಅಲ್ಲ, ಬರ್ತದೆ. ಈಗ ಕದ ತೆಗೀತೀನಿ."

ಅವಳು ಹೋದ ಮೇಲೆ ಪುಸ್ತಕ ತೆಗೆದು ನೋಡಿದೆ. ಅಕ್ಷರ ತಾತನದು. ಒಂದು ಕಡೆಯೂ ಅಪ್ಪಯ್ಯನ ಕೈ ಇಲ್ಲ. ಅಂಟಿದ್ದ ಹಾಳೆ ನಾನೇ ಬಿಡಿಸಿದ್ದೆ, ಆಗಲೇ ತಿಳಿಯಬಾರದಿತ್ತೇ? ಇಷ್ಟು ವರ್ಷ ಒಂದು ದಿನವೂ ಜಗಲಿಯ ಮೇಲೆ ಕೂತು ಕೇಳಿದವನಲ್ಲ ನಾನು.

ದಾಕ್ಷಾಯಣಿಯನ್ನು ಕೇಳಿದೆ, ನಿನಗೆ ಇದು ಗೊತ್ತಿತ್ತೇ ಎಂದು.

"ಮದುವೆಯಾಗಿ ಬಂದಾಗಿನಿಂದ ಕೇಳಿಸಿಕೊಳ್ತಾ ಇದೀನಿ" ಎಂದಳು. "ಪುಸ್ತಕ ಬೇಡಾಂದ್ರೆ ನೀವು ಕೇಳೋರಾ? ಮಾವನವರೇ ಅಷ್ಟು ತಲೆ ಅಲ್ಲಾಡಿಸಿ ಬೇಡ ಅಂದ್ರು."

"ಅದು ನಡುಕ ಅಲ್ಲವೇ?"

"ಬೇಡ ಅನ್ನೋಕೆ ತಲೆ ಅಲ್ಲಾಡಿಸ್ತಾರೆ, ಹೌದು ಅನ್ನೋಕೆ ಕಣ್ಣು ಮುಚ್ತಾರೆ. ಗಂಜಿ ಕುಡಿಸೋರಿಗೆ ಗೊತ್ತಾಗ್ತದೆ."

೩೧ ಆಗಸ್ಟ್, ಗುರುವಾರ. ಪಾವಗಡ ಛತ್ರ

ಮೂರು ದಿನ ರಜ ಬರೆದುಕೊಟ್ಟು ಹೊರಟಿದ್ದೇನೆ. ಕೊರಟಗೆರೆಯವರೆಗೆ ಗಾಡಿ, ಅಲ್ಲಿಂದ ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುವ ಬಸ್ಸು. ಮಧುಗಿರಿ ದಾಟಿದ ಮೇಲೆ ಎರಡು ಏರಿನಲ್ಲಿ ಎಲ್ಲರೂ ಇಳಿದು ತಳ್ಳಿದೆವು. ನಡುವೆ ಮದರಾಸು ಸೀಮೆ ಬಂದು ಹೋಗುತ್ತದೆ, ಬಸ್ಸಿನಲ್ಲಿ ಕನ್ನಡ ಯಾವಾಗ ತೆಲುಗಾಯಿತೋ ತಿಳಿಯಲಿಲ್ಲ. ಆ ಹುಡುಗಿಗೆ ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಏನೂ ತೋಚಲಿಲ್ಲ.

೧ ಸೆಪ್ಟೆಂಬರ್, ಶುಕ್ರವಾರ. ನಿಡುಗಲ್

ಬೆಟ್ಟದ ಬುಡದಲ್ಲಿ ಅವಳ ತಂದೆ ತಿಪ್ಪಯ್ಯನ ಮನೆ. ನನ್ನನ್ನು ಕಂಡು ಅವನು ಓಡಿಬಂದು ತೆಲುಗು ಬೆರೆಸಿ ಹೇಳಿದ. "ಬನ್ನಿ ಅಯ್ನೋರೇ, ಬನ್ನಿ. ನಮ್ಮ ಅಮ್ಮಾಯಿ ಬಂದಾಗ್ನಿಂದ ಸರಿಯಾಗಿ ಅನ್ನ ಮುಟ್ಟಿಲ್ಲ. ಏಮಿ ಹೇಳಿದ್ರೂ ಮಾತೇ ಇಲ್ಲ."

ಆಂಜಿನಮ್ಮ ಹಿತ್ತಿಲಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದಳು. ತುಂಬಾ ಇಳಿದುಹೋಗಿದ್ದಾಳೆ. ತಿಪ್ಪಯ್ಯ ಸ್ವಲ್ಪ ದೂರ ಹೋಗಿ ಕೂತ. ನಾನು ಕಲ್ಲಿನ ಮೇಲೆ ಕೂತು, ಅವತ್ತು ಓದಿದ್ದು ನನ್ನ ತಪ್ಪು ಎಂದೆ. ಅದಕ್ಕೆ ಅವಳು ತಲೆ ಎತ್ತಲಿಲ್ಲ.

"ಆ ಕೋಣ ಯಾರದಮ್ಮ?" ಎಂದು ಕೇಳಿದೆ. ಪರೀಕ್ಷೆಯಲ್ಲಿ ಮಕ್ಕಳನ್ನು ಕೇಳುವ ಹಾಗೆ ಕೇಳಿಬಿಟ್ಟೆನೋ ಎನ್ನಿಸಿತು.

"ನಮ್ದೇ ಅನ್ನಿಸ್ತು."

"ನೀನೆಲ್ಲಿದ್ದೆ?"

"ಏರಿ ಮೇಲೆ."

"ಸುಮ್ಮನೆ ನೋಡುತ್ತ ನಿಂತಿದ್ದೆಯಾ?"

ಕೈ ನಿಂತಿತು. ಕೈಲಿದ್ದ ಸಿಪ್ಪೆಯನ್ನು ಪುಡಿಮಾಡಿದಳು. ನಾನು ಇನ್ನೊಂದು ಪ್ರಶ್ನೆ ಕೇಳಬೇಕೆಂದಿದ್ದೆ. ಯಾಕೋ ಕೇಳಲಿಲ್ಲ.

"ಹಗ್ಗ ನನ್ ಕೈಲೇ ಇತ್ತು ಮೇಷ್ಟ್ರೇ" ಎಂದಳು. "ನಾನೇ ಬುಟ್ಬುಟ್ಟೆ."

ಆಮೇಲೆ ಒಂದೇ ಸಮ ಹೇಳಿದಳು. ದಂಡಿಗೆ ಆಳು ಸೇರಿಸುವವರು ಕೊರಟಗೆರೆಗೆ ಬಂದ ವಾರ ಪಾಲಣ್ಣ ಹೋಗಲೋ ಬೇಡವೋ ಎಂದು ಒದ್ದಾಡುತ್ತಿದ್ದ. ಅವನು ಏನು ಮಾಡಿದರೂ ಅವ್ವನನ್ನು ಕೇಳಿಯೇ ಮಾಡುವವನು, ಅದು ಇವಳಿಗೆ ಸೇರುತ್ತಿರಲಿಲ್ಲ. "ಗಂಡಸಾಗಿದ್ರೆ ಒಂದ್ಸಲನಾದ್ರೂ ನೀನಾಗಿ ಏನಾದ್ರೂ ಮಾಡು, ಹೋಗು ಅಂದೆ. ಬೆಳಿಗ್ಗೆ ಎದ್ದು ಹೊಂಟೇಹೋದ. ನಿಲ್ಲು ಅನ್ನೋಕೆ ಬಾಯಿ ಬರ್ಲಿಲ್ಲ. ಅತ್ತೆಮ್ಮ ಇವತ್ತಿಗೂ ಆ ಸೇರಿಸ್ಕೊಂಡೋರ್ನೇ ಬಯ್ತಾಳೆ. ನಾನು ಕಳಿಸಿದ್ದು ಅಂತ ಗೊತ್ತಿಲ್ಲ."

ತಿಪ್ಪಯ್ಯ ಮುಖ ತಿರುಗಿಸಿಕೊಂಡ.

"ಇದಕ್ಕೆ ಫಲ ಏನು ಮೇಷ್ಟ್ರೇ?"

ಅಪ್ಪಯ್ಯನಿಗೆ ಮಾತು ಇದ್ದಿದ್ದರೆ ಏನಾದರೂ ಹೇಳುತ್ತಿದ್ದರು. ನನಗೆ ಗೊತ್ತಿಲ್ಲ ಎಂದೆ. ಅವಳು ಕಣ್ಣೊರೆಸಿಕೊಂಡು ಒಳಗೆ ಹೋದಳು. ಮಧ್ಯಾಹ್ನ ಮುದ್ದೆ ಉಂಡಳೆಂದು ತಿಪ್ಪಯ್ಯನ ಹೆಂಡತಿ ಹೇಳಿದಳು. ಊಟವಾದ ಮೇಲೆ ಬಂದು, "ಅತ್ತೆಮ್ಮನಿಗೆ ಹೇಳ್ಬೇಕು. ಹೊಡೆದ್ರೆ ಹೊಡೀಲಿ. ನಿಮ್ಮ ಜೊತೆ ಬರ್ತೀನಿ" ಎಂದಳು.

೩ ಸೆಪ್ಟೆಂಬರ್, ಭಾನುವಾರ

ನರಸಿಂಹಮ್ಮನನ್ನು ಕರೆಸಿದೆ. ಬರುವುದಿಲ್ಲ ಎಂದಳು, ಆಮೇಲೆ ಬಂದಳು. ಅಪ್ಪಯ್ಯನನ್ನು ಜಗಲಿಯ ಮೇಲೆ ನಾನೇ ಎತ್ತಿ ಕೂರಿಸಿದೆ. ಸೊಸೆ ಅತ್ತೆಯ ಮುಂದೆ ನಿಂತು, ನಿಡುಗಲ್ಲಿನಲ್ಲಿ ಹೇಳಿದ್ದನ್ನೆಲ್ಲ ಒಂದು ಮಾತೂ ಬಿಡದೆ ಹೇಳಿದಳು.

ಈಗ ಕೂಗಾಡುತ್ತಾಳೆ ಎಂದುಕೊಂಡೆ. ನರಸಿಂಹಮ್ಮ ನೆಲ ನೋಡುತ್ತಿದ್ದಳು.

"ನೀನೊಬ್ಳೇ ಅಂದಿದ್ದಲ್ಲ ಕಣೆ" ಎಂದಳು ಕೊನೆಗೆ. "ಅವತ್ತು ಬೆಳಿಗ್ಗೆ ಗಂಟು ಹಿಡ್ಕಂಡು ಬಾಗಿಲಲ್ಲಿ ನಿಂತಿದ್ದ. ನಾನು ತಡೀಲಿ ಅಂತ್ಲೇ ನಿಂತಿದ್ದ, ಹೆತ್ತೋಳಿಗೆ ಗೊತ್ತಾಗಲ್ವಾ? ನನ್ನ ಕೇಳ್ದೆ ಹೊಂಟ್ನಲ್ಲ ಅಂತ ಹೊಟ್ಟೆ ಉರೀತು. ಹೋಗೋನು ಹೋಗು, ಬಾಗಿಲಿಗೆ ಅಡ್ಡ ಯಾಕೆ ನಿಂತಿದ್ದೀಯ ಅಂದ್ಬುಟ್ಟೆ. ನೀನು ಹಿತ್ತಿಲಲ್ಲಿದ್ದೆ."

ಇಬ್ಬರೂ ಅಳುವುದಕ್ಕೆ ಶುರುಮಾಡಿದರು. ನನಗೆ ಎಲ್ಲಿ ನೋಡಬೇಕೋ ತಿಳಿಯದೆ ಅಪ್ಪಯ್ಯನ ಕಡೆ ನೋಡಿದೆ. ಅವರ ತಲೆ ಒಂದಿಷ್ಟೂ ನಡುಗುತ್ತಿರಲಿಲ್ಲ. ದಾಕ್ಷಾಯಣಿ ಮಜ್ಜಿಗೆ ತಂದುಕೊಟ್ಟಳು. ಸ್ವಲ್ಪ ಹೊತ್ತಾದ ಮೇಲೆ ನರಸಿಂಹಮ್ಮ ಎದ್ದು, "ನಡಿ, ಮನೇಲಿ ಒಂದು ಹಿಡಿ ಹಿಟ್ಟಿಲ್ಲ, ಬೀಸ್ಬೇಕು" ಎಂದು ಸೊಸೆಯ ಗಂಟನ್ನು ತಾನೇ ಎತ್ತಿಕೊಂಡಳು.

ಪಾಲಣ್ಣ ಇದ್ದಾನೋ ಇಲ್ಲವೋ ಇನ್ನೂ ಯಾರಿಗೂ ಗೊತ್ತಿಲ್ಲ.

೨೪ ಸೆಪ್ಟೆಂಬರ್, ಭಾನುವಾರ

ಮೂರು ದಿನದಿಂದ ಮಳೆ. ಬಂದವರು ಕಡಿಮೆ. ಪುಸ್ತಕವನ್ನು ಅಟ್ಟಕ್ಕೆ ಹಾಕುವ ಮೊದಲು ಒಮ್ಮೆ ಮೇಲಿನಿಂದ ಕೆಳಗೆ ಓದಿದೆ. "ಆನೆ ಕಂಡರೆ ಐಶ್ವರ್ಯ" ಎಂಬ ಸಾಲಿನಲ್ಲಿ ನಿಂತೆ.

ನನಗೆ ಹದಿನೇಳಾಗಿದ್ದಾಗ ಮೈಸೂರಿನಲ್ಲಿ ಓದಲು ಜಾಗ ಸಿಕ್ಕಿತ್ತು. ಹಾಸಿಗೆ ಸುತ್ತಿಟ್ಟಾಗಿತ್ತು. ಹೊರಡುವ ಹಿಂದಿನ ದಿನ ಅವ್ವ ಅಪ್ಪಯ್ಯನಿಗೆ ಏನೋ ಕನಸು ಹೇಳಿದಳು, ಕದ ಮುಂದೆ ಮಾಡಿಕೊಂಡು ಇಬ್ಬರೂ ಬಹಳ ಹೊತ್ತು ಮಾತಾಡಿದರು. ಅಪ್ಪಯ್ಯ ಹೊರಗೆ ಬಂದು, "ನಿಮ್ಮವ್ವನಿಗೆ ಆನೆಯ ಕನಸಾಗಿದೆ. ಈ ವರ್ಷ ಬೇಡ" ಎಂದರು. ಆ ವರ್ಷ ಹೋಯಿತು, ಜಾಗವೂ ಹೋಯಿತು. ಮುಂದಿನ ಕಾರ್ತಿಕಕ್ಕೆ ಅವ್ವ ಕಾಯಿಲೆಯಿಂದ ತೀರಿಕೊಂಡಳು. ನನ್ನ ಬಿ.ಎ.ಯನ್ನು ಒಂದು ಆನೆ ತಿಂದುಹಾಕಿತು ಎಂದು ಇಪ್ಪತ್ಮೂರು ವರ್ಷ ಮನಸ್ಸಿನಲ್ಲೇ ಅವರನ್ನು ಬಯ್ದುಕೊಂಡು ಬಂದೆ.

ಪುಸ್ತಕದ ಪ್ರಕಾರವಾದರೆ ಅವರು ನನ್ನನ್ನು ಓಲಗ ಊದಿಸಿ ಕಳಿಸಬೇಕಿತ್ತು.

ಹೋಗಿ ಅವರ ಮುಂದೆ ಕೂತೆ. "ಅಪ್ಪಯ್ಯ, ನಾನು ಮೈಸೂರಿಗೆ ಹೋಗುವುದು ಬೇಡ ಅಂದದ್ದು ನೀವಲ್ಲವಾ?"

ನೋಡುತ್ತಿದ್ದರು. ಕಣ್ಣೂ ಮುಚ್ಚಲಿಲ್ಲ, ತಲೆಯೂ ಆಡಿಸಲಿಲ್ಲ.

"ಅವ್ವನಾ?"

ಮತ್ತೆ ಹಾಗೆಯೇ. ನಲವತ್ತು ವರ್ಷ ಈ ಜಗಲಿಯಲ್ಲಿ ಕೇಳಿದ್ದನ್ನು ಅವರು ಇನ್ನೊಬ್ಬರಿಗೆ ಹೇಳಿದ್ದನ್ನು ನಾನು ಕಂಡಿಲ್ಲ. ಅವ್ವನೂ ಬಂದು ಕೂತು ಹೇಳಿದವಳೇ ತಾನೆ.

"ಅವಳಿಗೆ ತನ್ನ ಕಾಯಿಲೆ ಗೊತ್ತಾಗಿತ್ತು. ಮಗ ಹತ್ತಿರ ಇರಲಿ ಅಂದಳು. ಅದು ಅವನಿಗೆ ಗೊತ್ತಾಗಬಾರದು ಅಂದಳು. ಬೈಗುಳ ನೀವು ಹೊತ್ತುಕೊಂಡಿರಿ. ಹೀಗೇನಾ?"

ಆಮೇಲೆ ಅವರು ಕಣ್ಣು ಮುಚ್ಚಿದರು. ತೆರೆದಾಗ ನೀರಿತ್ತು.

ಬಿಸಿನೀರು ಕಾಯಿಸಿ ಸ್ನಾನ ಮಾಡಿಸಿದೆ. ಬೆನ್ನಿನ ಮೂಳೆ ಎಣಿಸಬಹುದು. ಸೋಪು ಸಿಕ್ಕುತ್ತಿಲ್ಲ, ಸೀಗೆಕಾಯಿಯೇ ಗತಿ.

೧೭ ಅಕ್ಟೋಬರ್, ಮಂಗಳವಾರ

ಟಪಾಲಿನವನು ಕಾಗದ ತಂದಿದ್ದಾನೆಂದು ಆಂಜಿನಮ್ಮ ಶಾಲೆಗೇ ಓಡಿಬಂದಳು. ಬಂಗಾಳದ ಕಡೆಯ ಮಿಲಿಟರಿ ಆಸ್ಪತ್ರೆಯದು. ಒಡೆದೆ. ಈ ಸಲ ಮೊದಲು ಮನಸ್ಸಿನಲ್ಲಿ ಓದಿಕೊಂಡೆ.

ಇದ್ದಾನೆ. ಕಾಲಿಗೆ ಪೆಟ್ಟು, ಜೊತೆಗೆ ಕಾಡುಜ್ವರ. ಎರಡು ತಿಂಗಳಲ್ಲಿ ಬಿಡುತ್ತಾರಂತೆ. ಆಂಜಿನಮ್ಮ ಕಾಗದವನ್ನು ಕಿತ್ತುಕೊಂಡು ಅತ್ತೆಯ ಹತ್ತಿರ ಓಡಿದಳು, ಚಪ್ಪಲಿ ಶಾಲೆಯ ಬಾಗಿಲಲ್ಲೇ ಬಿಟ್ಟಿದ್ದಳು.

೮ ನವೆಂಬರ್

ಅಪ್ಪಯ್ಯ ಗಂಜಿ ಬೇಡವೆನ್ನುತ್ತಿದ್ದಾರೆ. ನಾನು ಹಿಡಿದರೆ ಎರಡು ಗುಟುಕು.

೧೩ ನವೆಂಬರ್, ಸೋಮವಾರ

ಶನಿವಾರ ಬೆಳಿಗ್ಗೆ ಅಪ್ಪಯ್ಯ ಲಿಂಗೈಕ್ಯರಾದರು. ಅಡವಯ್ಯ ಬಂದು ಅವರ ಮುಂದೆ ಕೂತು ಅದೇ ತೋಳದ ಕನಸನ್ನು ಮತ್ತೆ ಹೇಳುತ್ತಿದ್ದ. ಅರ್ಧದಲ್ಲಿ ನನ್ನ ಕಡೆ ನೋಡಿ, "ಮೇಷ್ಟ್ರೇ, ಅಯ್ನೋರು ಕೇಳಿಸ್ಕತಾ ಇಲ್ಲ" ಎಂದ. ನಾನು ಪಕ್ಕದಲ್ಲೇ ಇದ್ದೆ.

ತೋಟದ ಮೂಲೆಯಲ್ಲಿ ಅವ್ವನ ಪಕ್ಕ ಸಮಾಧಿ ಮಾಡಿದೆವು. ಎಲ್ಲೆಲ್ಲಿಂದಲೋ ಜನ ಬಂದಿದ್ದರು, ಬಹಳ ಮಂದಿಯ ಹೆಸರು ನನಗೆ ತಿಳಿಯದು. ಒಬ್ಬೊಬ್ಬರೂ ಒಂದು ಹಿಡಿ ಮಣ್ಣು ಹಾಕಿ ಏನೂ ಹೇಳದೆ ಹೋದರು. ಅವರೆಲ್ಲ ಏನು ಹೇಳಿಕೊಂಡಿದ್ದರೋ, ಅಪ್ಪಯ್ಯನ ಜೊತೆಗೇ ಹೋಯಿತು.

ಅಡವಯ್ಯನನ್ನು ಕರೆದು ಕನಸಿನ ಉಳಿದರ್ಧ ಕೇಳಿದೆ. ಪಾಪ, ನಡುವೆ ನಿಂತುಹೋಗಿತ್ತಲ್ಲ.

೨೯ ಡಿಸೆಂಬರ್, ಶುಕ್ರವಾರ

ಪಾಲಣ್ಣ ಬಂದ. ಇಡೀ ಊರು ಕೊರಟಗೆರೆಗೆ ಹೋಗಿ ಬಸ್ಸಿಗೆ ಕಾದಿತ್ತು. ಕೋಲೂರಿಕೊಂಡು ಇಳಿದ. ಗುರುತು ಸಿಕ್ಕುವುದೇ ಕಷ್ಟ, ಅಷ್ಟು ಕಪ್ಪಾಗಿದ್ದಾನೆ, ತೆಳ್ಳಗಾಗಿದ್ದಾನೆ. ನನಗೆ ಸಲಾಮು ಹೊಡೆದ. ಮಾತಾಡಲಿಲ್ಲ.

೧೪ ಜನವರಿ ೧೯೪೫, ಭಾನುವಾರ

ಆಂಜಿನಮ್ಮ ಎಳ್ಳು ಬೆಲ್ಲ ತಂದುಕೊಟ್ಟಳು. "ಮನೇಲಿ ಒಂದು ಮಾತಾಡಲ್ಲ ಮೇಷ್ಟ್ರೇ. ಹೂಂ, ಉಹೂಂ, ಅಷ್ಟೇಯ. ಹಗ್ಗದ ವಿಷಯ ನಾನೂ ಹೇಳ್ದೆ, ಅತ್ತೆಮ್ಮನೂ ಹೇಳಿದ್ಲು. ಆಗ್ಲಿ ಬುಡಿ ಅಂದ. ಮಲಗಿದ್ರೆ ಬೆಚ್ಚಿಬಿದ್ದು ಎದ್ದು ಕೂತ್ಕತಾನೆ. ನೀವು ಒಂದ್ಸಲ ಕರೆಸಿ ಕೇಳಿ."

ಕರೆಸುವುದು ಬೇಡ ಎಂದೆ. ನನಗೇನು ತಿಳಿಯುತ್ತದೆ? ದಾಕ್ಷಾಯಣಿ ಜಗಲಿಯ ಮೇಲೆ ಚಾಪೆ ಹಾಸುವುದನ್ನು ಇನ್ನೂ ಬಿಟ್ಟಿಲ್ಲ, ಚಳಿಗೆ ಬಿಸಿಲು ಕಾಯಲೆಂದು ಬೆಳಿಗ್ಗೆ ಅಲ್ಲಿ ಕೂರುತ್ತೇನೆ ಅಷ್ಟೆ. ದಾರಿಯಲ್ಲಿ ಹೋಗುವವರು ಬಂದು ಕೂತರೆ ಏಳಿ ಎನ್ನುವುದಕ್ಕಾಗುತ್ತದೆಯೇ?

೧೮ ಜನವರಿ, ಗುರುವಾರ

ಬೆಳಿಗ್ಗೆ ಪಾಲಣ್ಣ ತಾನಾಗಿ ಬಂದ. ಕೋಲು ಗೋಡೆಗೆ ಒರಗಿಸಿ ಚಾಪೆಯ ಅಂಚಿನಲ್ಲಿ ಕೂತ. ಬಹಳ ಹೊತ್ತು ಬೆಟ್ಟ ನೋಡಿದ. ನಾನೂ ನೋಡಿದೆ.

"ನಮ್ಮೂರಲ್ಲಿ ಯಾರೂ ನೋಡದೇ ಇರೋ ಪ್ರಾಣಿ ಮೇಷ್ಟ್ರೇ" ಎಂದ. "ಕನಸಿಗೆ ಬರ್ತದೆ. ಅದಕ್ಕೆ ಫಲ ಇರ್ತದಾ?"

"ಯಾವುದು?"

"ಹೇಸರಗತ್ತೆ. ಅಲ್ಲಿ ಖಚ್ಚರ್ ಅಂತಾರೆ. ಅದ್ರ ಮೇಲೆ ಸಾಮಾನು ಹೇರ್ಕಂಡು ಕಾಡಲ್ಲಿ ಹೋಗೋದು. ಒಂದೊಂದನ್ನ ಒಬ್ಬೊಬ್ಬನಿಗೆ ಕೊಟ್ಟಿದ್ರು. ನಾನು ತಿನ್ನೋಕೆ ಮುಂಚೆ ಅದಕ್ಕೆ ತಿನ್ನಿಸ್ತಿದ್ದೆ."

"ಅದಕ್ಕೊಂದು ಹೆಸರಿತ್ತಾ ಪಾಲಣ್ಣ?"

"ದುರ್ಗಿ ಅಂತಿದ್ದೆ. ನಮ್ಮ ದುರ್ಗದ ಹೆಸರು. ಕಾಲು ಮುರ್ಕೊಂಡು ಕೆಸರಲ್ಲಿ ಬಿತ್ತು. ಬಿಟ್ಟು ನಡೀರಿ ಅಂತ ಹುಕುಂ ಆಯ್ತು. ತಿರುಗಿ ನೋಡ್ದೆ. ಅದು ಬಾಯಿ ತೆರೀತು, ಸದ್ದೇ ಇಲ್ಲ. ಕಾಡಲ್ಲಿ ಕೂಗಿದ್ರೆ ವೈರಿಗೆ ಗೊತ್ತಾಗ್ತದೆ ಅಂತ ಅವಕ್ಕೆಲ್ಲ ಮೊದಲೇ ಗಂಟ್ಲು ಕುಯ್ದಿದ್ರು ಮೇಷ್ಟ್ರೇ. ನನ್ನ ನೋಡ್ಕಂಡು ಬರೀ ಬಾಯಿ ತೆರೀತಿತ್ತು."

ಚಾಪೆಯ ಅಂಚಿನ ಒಂದು ಎಳೆ ಕಿತ್ತ.

"ಕನಸಲ್ಲಿ ಕೂಗ್ತದೆ" ಎಂದ ಅವನು.

ಅತ್ತ. ತಡೆಯಲಿಲ್ಲ ನಾನು. ಅತ್ತು ಮುಗಿದ ಮೇಲೆ ಮೂಗೊರೆಸಿಕೊಂಡು, ಆ ಹೇಸರಗತ್ತೆಯನ್ನು ಮೊದಲ ದಿನ ಕೊಟ್ಟಾಗ ಅದು ಒದ್ದದ್ದು, ಆಮೇಲೆ ಹೊಂದಿಕೊಂಡದ್ದು, ಇವನ ಕಂಬಳಿಯ ಅಂಚು ತಿಂದದ್ದು ಎಲ್ಲ ಹೇಳತೊಡಗಿದ. ಒಂದು ಸಲ ನಕ್ಕ ಕೂಡ. ಶಾಲೆಯ ಹೊತ್ತು ಮೀರಿತು. ಮೇಷ್ಟ್ರು ಯಾಕೆ ಬರಲಿಲ್ಲವೆಂದು ಮೂರನೆಯ ಕ್ಲಾಸಿನ ಹೆಣ್ಣುಮಕ್ಕಳು ಹುಡುಕಿಕೊಂಡು ಬಂದು ಅಂಗಳದಲ್ಲಿ ನಿಂತರು. ಮರದ ಕೆಳಗೆ ಕೂತು ಮಗ್ಗಿ ಹೇಳಿಕೊಳ್ಳುತ್ತಿರಿ, ಬರುತ್ತೇನೆ ಎಂದು ಕಳಿಸಿದೆ.

ಪಾಲಣ್ಣ ಹೇಳುತ್ತಲೇ ಇದ್ದ.